ಸದ್ದು ನಿಂತ ದ್ವೀಪ

ಮಲ್ಲರಸ ಸೇನೆಗೆ ಸೇರಿದ ಮೇಲೂ ವರ್ಷಕ್ಕೊಮ್ಮೆ ಗುರುಗಳ ಬಳಿಗೆ ಬರುತ್ತಿದ್ದ. ಆ ಸಲ ಬಂದವನು ನಮಸ್ಕರಿಸಿ ಕೇಳಿದ: “ಗುರುಗಳೇ, ಹಡಗಿನಿಂದ ತೋಪು ಹಾರಿಸಿ ಶತ್ರುವಿನ ಕೋಟೆಯನ್ನು ಪುಡಿ ಮಾಡಿದ ಮೇಲೆ ದಡಕ್ಕೆ ಇಳಿಯುವುದು ಸುಲಭವಾಗಬೇಕಲ್ಲವೇ? ಆದರೂ ಹಾಗೆ ಇಳಿದವರೇ ಯಾಕೆ ಸಾಯುತ್ತಾರೆ? ಬರುವ ತಿಂಗಳು ನಾನೂ ಹಾಗೆ ಇಳಿಯಬೇಕಾಗಿದೆ.”

ಗುರುಗಳು ಅವನನ್ನು ಕೂರಲು ಹೇಳಿ ಕತೆ ಆರಂಭಿಸಿದರು.

ಒಬ್ಬ ದಳವಾಯಿಗೆ ಒಂದು ದ್ವೀಪವನ್ನು ಗೆಲ್ಲಬೇಕಾಗಿತ್ತು. ದ್ವೀಪ ಚಿಕ್ಕದು. ಅದರ ಮೇಲೆ ಕೆಂಪು ಕಲ್ಲಿನ ಕೋಟೆ, ಕೋಟೆಯಲ್ಲಿ ಇನ್ನೂರು ಜನ ಕಾವಲಿನವರು. ದಳವಾಯಿಯ ಬಳಿ ಒಂಬತ್ತು ಹಡಗುಗಳಿದ್ದವು. ತೋಪುಗಳ ಹೊಣೆ ಸಾಂತಪ್ಪ ಎಂಬವನದು. ಗುರಿಯಲ್ಲಿ ಅವನಿಗೆ ಸಮನಾದವನು ಆ ಕರಾವಳಿಯಲ್ಲಿ ಇರಲಿಲ್ಲ. ಅವನ ತಮ್ಮ ಬೊಮ್ಮಯ್ಯ ಕಾಲಾಳು. ದಡಕ್ಕೆ ಇಳಿಯುವ ಮೊದಲ ದೋಣಿಯಲ್ಲಿ ಅವನಿಗೆ ಜಾಗ ಸಿಕ್ಕಿತ್ತು.

ಸಾಂತಪ್ಪ ಮೂರು ದಿನ ಗುಂಡು ಹಾರಿಸಿದ. ಮೊದಲ ದಿನ ಕೋಟೆಯ ಬಾಗಿಲು ಬಿತ್ತು. ಎರಡನೆಯ ದಿನ ಬುರುಜುಗಳು ಬಿದ್ದವು. ಮೂರನೆಯ ದಿನ ಬೀಳಿಸಲು ಹೆಚ್ಚೇನೂ ಉಳಿದಿರಲಿಲ್ಲ. ತೆಂಗಿನ ಮರಗಳು ತಲೆಯಿಲ್ಲದೆ ನಿಂತಿದ್ದವು. ಮೂರು ದಿನವೂ ದ್ವೀಪದಿಂದ ಒಂದು ಗುಂಡೂ ತಿರುಗಿ ಬರಲಿಲ್ಲ. ಒಂದು ಕೂಗೂ ಕೇಳಲಿಲ್ಲ.

ದಳವಾಯಿಯ ಹಡಗಿಗೆ ದಾರಿ ತೋರಿಸಲು ಜಟ್ಟಿಗ ಎಂಬ ಮುದುಕ ಅಂಬಿಗನನ್ನು ಕರೆತಂದಿದ್ದರು. ಆ ನೀರಿನಲ್ಲೇ ಮೀನು ಹಿಡಿದು ಬದುಕಿದವನು. ಮೂರನೆಯ ದಿನ ಅವನು ಆಕಾಶ ನೋಡುತ್ತಾ ನಿಂತಿದ್ದ.

“ಏನು ನೋಡುತ್ತೀಯ?” ಎಂದು ದಳವಾಯಿ ಕೇಳಿದ.

“ಹದ್ದುಗಳನ್ನು ಹುಡುಕುತ್ತಿದ್ದೇನೆ ಒಡೆಯಾ. ಸದ್ದಿಗೆ ಹೆದರಿ ದೂರ ಹೋದರೂ ನಮ್ಮವರು ಊಟಕ್ಕೆಂದು ತೋಪು ನಿಲ್ಲಿಸಿದಾಗ ಬರಬೇಕಿತ್ತು. ಹೆಣವಿದ್ದರೆ ಹದ್ದು ಬಿಡುವುದಿಲ್ಲ. ಒಂದೂ ಬಂದಿಲ್ಲ.”

“ಅಂದರೆ?”

“ಆ ಕೋಟೆಯ ಕಲ್ಲನ್ನು ಹೊರಗಿನಿಂದ ತಂದಿಲ್ಲ. ಆ ದ್ವೀಪದ ಹೊಟ್ಟೆಯಿಂದಲೇ ಕಡಿದು ತೆಗೆದದ್ದು. ಅಷ್ಟು ಕಲ್ಲು ಮೇಲೆ ಬಂದಿದ್ದರೆ ಕೆಳಗೆ ಎಷ್ಟು ಜಾಗ ಖಾಲಿ ಇರಬೇಕು, ನೀವೇ ಯೋಚಿಸಿ.”

ದಳವಾಯಿ ಸಾಂತಪ್ಪನ ಕಡೆ ನೋಡಿದ. ಸಾಂತಪ್ಪನ ಕಿವಿ ಮೂರು ದಿನದ ಸದ್ದಿಗೆ ಮಂದವಾಗಿತ್ತು. ಅವನು ಕೂಗಿ ಹೇಳಿದ: “ಅಲ್ಲಿ ಇರುವೆಯೂ ಉಳಿದಿಲ್ಲ ಒಡೆಯಾ. ನನ್ನ ಸ್ವಂತ ತಮ್ಮನನ್ನು ಮೊದಲ ದೋಣಿಯಲ್ಲಿ ಕಳಿಸುತ್ತಿದ್ದೇನೆ. ಇದಕ್ಕಿಂತ ಹೆಚ್ಚಿಗೆ ಏನು ಹೇಳಲಿ?”

ಜಟ್ಟಿಗ ಮತ್ತೆ ಆಕಾಶದ ಕಡೆಗೆ ತಿರುಗಿದ.

ನಾಲ್ಕನೆಯ ಬೆಳಿಗ್ಗೆ ಸಾಂತಪ್ಪ ಕೊನೆಯ ಸಲ ಎಲ್ಲ ತೋಪುಗಳನ್ನೂ ಹಾರಿಸಿದ. ನಂತರ ನಿಲ್ಲಿಸಿದ. ನಿಲ್ಲಿಸಲೇಬೇಕಿತ್ತು. ಮುನ್ನೂರು ಜನ ದೋಣಿಗಳಲ್ಲಿ ಹೊರಟಿದ್ದರು. ಇನ್ನೂ ಹಾರಿಸಿದರೆ ಗುಂಡು ಅವರ ಮೇಲೆಯೇ ಬೀಳುವ ಭಯ. ಹೊಗೆ ನೀರಿನ ಮೇಲೆ ಮಲಗಿತ್ತು. ಕಡಲು ಇಳಿತದ ಹೊತ್ತಾಗಿದ್ದರಿಂದ ದೋಣಿಗಳು ಬಂಡೆಗಳಿಗೆ ತಾಗಿ ತಡವಾದವು. ಕೊನೆಗೆ ಜನ ಎದೆಮಟ್ಟದ ನೀರಿಗೆ ಇಳಿದು ಬಂದೂಕುಗಳನ್ನು ತಲೆಯ ಮೇಲೆತ್ತಿ ನಡೆದರು. ಕೊನೆಯ ಗುಂಡಿನಿಂದ ಮೊದಲ ಹೆಜ್ಜೆಯವರೆಗೆ ಒಂದು ಗಡಿಗೆ ಅನ್ನ ಬೇಯುವಷ್ಟು ಹೊತ್ತಾಯಿತು.

ದಡದಲ್ಲಿ ಯಾರೂ ಇರಲಿಲ್ಲ. ಮರಳಿನ ತುಂಬ ಗುಂಡಿಗಳು. ಹೆಣವಿಲ್ಲ, ರಕ್ತವಿಲ್ಲ, ಬಿದ್ದ ಚಪ್ಪಲಿಯೂ ಇಲ್ಲ. ಬೊಮ್ಮಯ್ಯ ಕೋಟೆಯ ಬಾಗಿಲಿದ್ದ ಜಾಗದವರೆಗೆ ನಡೆದು ಹೋಗಿ, ಹಡಗಿನ ಕಡೆಗೆ ತಿರುಗಿ ಎರಡೂ ಕೈ ಎತ್ತಿದ. “ಅಣ್ಣಾ, ಇಲ್ಲಿ ಯಾರೂ ಇಲ್ಲ!” ಎಂದು ಕೂಗಿದ. ಹಿಂದಿದ್ದವರು ನಕ್ಕರು. ಒಬ್ಬ ಬಂದೂಕು ಕೆಳಗಿಟ್ಟು ಬಟ್ಟೆ ಹಿಂಡತೊಡಗಿದ.

ಆಗ ಅವರ ಕಾಲ ಕೆಳಗಿನಿಂದ ಯಾರೋ ಕೆಮ್ಮಿದರು.

ಬದುಕಿ ಬಂದವರೆಲ್ಲ ಆ ಕೆಮ್ಮಿನ ವಿಷಯವನ್ನೇ ಹೇಳಿದರು. ಸಣ್ಣ ಕೆಮ್ಮು. ಧೂಳು ಮೂಗಿಗೆ ಹೋದಾಗ ಬರುವಂಥದ್ದು. ಅದನ್ನು ಕೇಳಿದ ಮೇಲೆ ಎಲ್ಲರೂ ನೆಲ ನೋಡುತ್ತಾ ನಿಂತರಂತೆ. ಯಾರಿಗೂ ಕಾಲು ಎತ್ತಲು ಧೈರ್ಯ ಬರಲಿಲ್ಲವಂತೆ.

ನಂತರ ಕಲ್ಲಿನ ರಾಶಿಗಳು ಸರಿದವು. ಎದುರಿನಿಂದ, ಎಡದಿಂದ, ಅವರು ಈಗಷ್ಟೇ ದಾಟಿ ಬಂದ ಮರಳಿನಿಂದ ಜನ ಎದ್ದು ಬಂದರು. ಮೈಯೆಲ್ಲ ಕೆಂಪು ಧೂಳು. ಕೂಗಲಿಲ್ಲ, ಓಡಲಿಲ್ಲ. ಕೆಲಸಕ್ಕೆ ಬಂದವರ ಹಾಗೆ ಬಂದರು.

ಹಡಗಿನ ಮೇಲೆ ದಳವಾಯಿ ಚೀರಿದ: “ಹಾರಿಸು! ಹಾರಿಸು!”

ಸಾಂತಪ್ಪ ತೋಪಿನ ಮೇಲೆ ಕೈ ಇಟ್ಟು ನಿಂತಿದ್ದ. ದಡದಲ್ಲಿ ಎರಡೂ ಕಡೆಯ ಜನ ಬೆರೆತು ಹೋಗಿದ್ದರು. “ಯಾರ ಮೇಲೆ, ಒಡೆಯಾ?” ಎಂದು ಕೇಳಿದ.

ಮುನ್ನೂರರಲ್ಲಿ ನಲವತ್ತು ಜನ ತಿರುಗಿ ಬಂದರು. ಬೊಮ್ಮಯ್ಯ ಬರಲಿಲ್ಲ.

ಮರುದಿನ ಹೆಣಗಳನ್ನು ಒಯ್ಯಲು ಕೋಟೆಯ ಒಡೆಯ ಅನುಮತಿ ಕೊಟ್ಟ. ಸಾಂತಪ್ಪ ಬಿಳಿ ಬಟ್ಟೆ ಕಟ್ಟಿದ ದೋಣಿಯಲ್ಲಿ ಹೋದ. ತಮ್ಮನನ್ನು ಹುಡುಕಿ, ಹೊದಿಕೆಯಲ್ಲಿ ಸುತ್ತಿ, ದೋಣಿಗೆ ಹೊತ್ತು ತಂದ. ಆಮೇಲೆ ಕೋಟೆಯ ಒಡೆಯನ ಎದುರು ನಿಂತು, “ನೀವು ಎಲ್ಲಿ ಇದ್ದಿರಿ? ತೋರಿಸಿ,” ಎಂದ.

ಒಡೆಯ ವಯಸ್ಸಾದವನು. ಮದ್ದಿನ ಮಸಿ ಹಿಡಿದ ಕೈ ನೋಡಿ, ತೋಪಿನವನು ಇವನೇ ಎಂದು ಅವನಿಗೆ ತಿಳಿಯಿತು. ಒಂದು ಬಿರುಕಿನ ಮೂಲಕ ಕೆಳಗೆ ಕರೆದೊಯ್ದ. ಕಲ್ಲು ಕಡಿದ ಹಳೆಯ ಹೊಂಡಗಳು ಒಂದರೊಳಗೊಂದು ಸೇರಿ ಮೊಗಸಾಲೆಯಷ್ಟು ಅಗಲವಾಗಿದ್ದವು. ಒಳಗೆ ತಂಪಾಗಿತ್ತು. ಮಡಕೆಗಳಲ್ಲಿ ನೀರಿತ್ತು. ಚಾಪೆಗಳನ್ನು ಮಡಚಿ ಇಟ್ಟಿದ್ದರು. ನೆಲದ ಮೇಲೆ ಇದ್ದಿಲಿನಿಂದ ಚೌಕಾಬಾರದ ಮನೆ ಬರೆದಿದ್ದರು. ಕಾಯಿಗಳು ಆಟದ ನಡುವೆ ಬಿಟ್ಟ ಹಾಗೆಯೇ ಇದ್ದವು.

“ನಿಮಗೆ ಹೆದರಿಕೆ ಆಗಲಿಲ್ಲವೇ?” ಎಂದು ಸಾಂತಪ್ಪ ಕೇಳಿದ.

“ಆಯಿತು. ಮೊದಲ ದಿನ ಗಂಡಸರೆಲ್ಲ ಅತ್ತರು. ಆ ದಿನ ನಿಮ್ಮವರು ಹೇಳದೆ ಕೇಳದೆ ಬಂದು ಇಳಿದಿದ್ದರೆ ನಾವು ಕಡಲಿಗೆ ಹಾರುತ್ತಿದ್ದೆವು. ನೀವು ಯಾವ ದಡಕ್ಕೆ ಬರುತ್ತೀರಿ ಎಂಬುದೂ ನಮಗೆ ಗೊತ್ತಿರಲಿಲ್ಲ. ಗುಂಡು ಎಲ್ಲಿ ಹೆಚ್ಚು ಬಿತ್ತೋ ಅಲ್ಲಿಗೇ ಬರುತ್ತೀರಿ ಎಂದು ನೀವೇ ತಿಳಿಸಿದಿರಿ. ಎರಡನೆಯ ದಿನಕ್ಕೆ ನಿಮ್ಮ ತೋಪುಗಳು ಪರಿಚಯವಾದವು. ಒಂದಾದ ಮೇಲೆ ಇನ್ನೊಂದು ಎಷ್ಟು ಉಸಿರಿಗೆ ಬರುತ್ತದೆ ಎಂದು ಮೈಗೆ ತಿಳಿಯುತ್ತಿತ್ತು. ಮೂರನೆಯ ದಿನ ನಿದ್ದೆ ಬಂತು.”

“ನಿದ್ದೆಯೇ?”

“ಹೌದು. ನಾಲ್ಕನೆಯ ಬೆಳಿಗ್ಗೆ ನಮ್ಮನ್ನು ಎಬ್ಬಿಸಿದ್ದು, ನೀವು ಊಟದ ಹೊತ್ತಲ್ಲದ ಹೊತ್ತಿನಲ್ಲಿ ತೋಪು ನಿಲ್ಲಿಸಿದ್ದು. ಎಲ್ಲರಿಗೂ ಒಂದೇ ಸಲ ಎಚ್ಚರವಾಯಿತು. ಮುಖ ತೊಳೆದು ಗಂಜಿ ಕುಡಿಯುವಷ್ಟು ಹೊತ್ತೂ ಸಿಕ್ಕಿತು.”

ಸಾಂತಪ್ಪ ಆಟದ ಕಾಯಿಗಳನ್ನು ನೋಡುತ್ತಾ, “ನನ್ನ ಗುಂಡಿಗೆ ನಿಮ್ಮವರು ಎಷ್ಟು ಜನ ಸತ್ತರು?” ಎಂದ.

“ಒಬ್ಬ. ಬಾವಿ ಮುಚ್ಚಿದೆಯೋ ಏನೋ ನೋಡಿ ಬರುತ್ತೇನೆಂದು ಮೇಲೆ ಹೋಗಿದ್ದ.”

“ಅವನ ಹೆಸರು?”

“ಕುಪ್ಪ.”

ಸಾಂತಪ್ಪ ಆ ಹೆಸರನ್ನು ಬಾಯಲ್ಲಿ ಒಮ್ಮೆ ಹೇಳಿಕೊಂಡ. ಮೇಲೆ ಬಂದು ತಮ್ಮನ ಪಕ್ಕದಲ್ಲಿ ಕುಳಿತು ದೋಣಿ ನಡೆಸಿದ.

ಆ ಮೇಲೆ ಅವನು ತೋಪು ಮುಟ್ಟಲಿಲ್ಲ. ಒಳನಾಡಿನ ಒಂದು ಊರಿಗೆ ಹೋಗಿ ಎಣ್ಣೆಯ ಗಾಣದ ಪಕ್ಕದಲ್ಲಿ ಮನೆ ಹಿಡಿದ. ಗಾಣ ಹಗಲೆಲ್ಲ ಕಿರುಗುಟ್ಟುತ್ತಿತ್ತು. ಹೊರಗಿನವರಿಗೆ ಆ ಸದ್ದು ಸಹಿಸಲು ಆಗುತ್ತಿರಲಿಲ್ಲ. ಅವನು ಅದರಲ್ಲಿ ನೆಮ್ಮದಿಯಾಗಿ ಉಣ್ಣುತ್ತಿದ್ದ, ಮಲಗುತ್ತಿದ್ದ. ಆದರೆ ಎತ್ತಿಗೆ ನೀರು ಕುಡಿಸಲು ಗಾಣದವನು ಗಾಣ ನಿಲ್ಲಿಸಿದ ಕೂಡಲೇ ಸಾಂತಪ್ಪ ಬರಿಗಾಲಿನಲ್ಲಿ ಬೀದಿಗೆ ಓಡಿ ಬರುತ್ತಿದ್ದ. ನಡೆದು ಹೋಗುವವರ ತೋಳು ಹಿಡಿದು, “ನಿಲ್ಲು, ಮುಂದೆ ಹೋಗಬೇಡ,” ಎನ್ನುತ್ತಿದ್ದ. ಗಾಣ ಮತ್ತೆ ತಿರುಗುವವರೆಗೆ ಬಿಡುತ್ತಿರಲಿಲ್ಲ. ಊರಿನವರು ಮೊದಮೊದಲು ನಕ್ಕರು. ಕೆಲವು ವರ್ಷ ಕಳೆದ ಮೇಲೆ ಗಾಣ ನಿಂತಾಗ ಅವರೂ ನಡೆಯುವುದನ್ನು ನಿಲ್ಲಿಸಿ ನೆಲ ನೋಡತೊಡಗಿದರು.

ಗುರುಗಳು ಕತೆ ಮುಗಿಸಿದರು.

ಮಲ್ಲರಸ ಹಣೆ ಒರೆಸಿಕೊಂಡು, ಸೈನಿಕನ ಲೆಕ್ಕಾಚಾರದ ದನಿಯಲ್ಲಿ ಕೇಳಿದ: “ಮೂರು ದಿನ ಸಾಲಲಿಲ್ಲ, ಸರಿ. ಇನ್ನೆಷ್ಟು ದಿನ ಹಾರಿಸಿದ್ದರೆ ಸಾಕಾಗುತ್ತಿತ್ತು ಗುರುಗಳೇ?”

ಗುರುಗಳು ಹೇಳಿದರು: “ಇನ್ನೂರ ಅರವತ್ತು ಹೆಣಗಳ ಮುಂದೆ ನಿಂತು ದಳವಾಯಿ ಕೇಳಿದ್ದೂ ಇದನ್ನೇ.”

ಮಲ್ಲರಸ ತಲೆ ತಗ್ಗಿಸಿದ.