ಇಲ್ಲದ ಕೂಸು

ಶೇಂಗಾ ಸುಲಿಯುವ ಶೆಡ್ಡಿನಲ್ಲಿ ಫಕೀರವ್ವ ಕಥೆ ಹೇಳುತ್ತಿದ್ದಳು. ಹೆಂಗಸರು ಹೂಂಗುಟ್ಟುತ್ತ ಸುಲಿಯುತ್ತಿದ್ದರು. ಸಾವುಕಾರ ಬಂದ. ಕೂಲಿಯವರು ನಕ್ಕರೂ ಉರಿದುಬೀಳುವ ಮನುಷ್ಯ.

"ಕಥಿ ಅಂದ್ರ ಬರೀ ಸುಳ್ಳು. ಸುಳ್ಳು ಹೇಳೋರಿಗೆ ನನ್ನಲ್ಲಿ ಕೆಲಸಿಲ್ಲ. ಏಳು!"

ಕೆಲಸ ಹೋದರೆ ಅವಳ ಒಲೆ ಉರಿಯದು. ಆದರೂ ಫಕೀರವ್ವ ಕಾಲು ಹಿಡಿಯಲಿಲ್ಲ.

"ಹೋಗ್ತೀನ್ರೀ ಸಾವುಕಾರ್ರ. ಅರ್ಧಕ್ಕ ನಿಂತ ಕಥಿ ಮುಗಿಸಿ ಹೋಗ್ತೀನಿ. ಇವರು ನಿಮಗ ಹೆದರಿ ಬಾಯಿ ಮುಚ್ಯಾರ. ಹೂಂ ಅನ್ನೋರಿಲ್ದ ಕಥಿ ಹೇಳಬಾರದು. ನೀವ ಹೂಂ ಅನ್ರಿ."

"ಹೂಂ," ಎಂದ ಅವನು ತಾತ್ಸಾರದಿಂದ.

ಫಕೀರವ್ವ ಕಥೆ ಮುಂದುವರಿಸಿದಳು. ತುಂಬಿದ ಹೊಳೆ. ತೇಲಿಹೋಗುವ ತೊಟ್ಟಿಲು. ಅದರೊಳಗೆ ಹಸುಗೂಸು. ಹಿಂದೆ ಈಜುವ ತಾಯಿ. ಸಾವುಕಾರನ ಹೂಂ ಮೆತ್ತಗಾಯಿತು, ಆಮೇಲೆ ಹೂಂ ಅನ್ನುವುದೇ ಮರೆತುಹೋಯಿತು. ತೊಟ್ಟಿಲು ಸುಳಿಗೆ ಸಿಕ್ಕಿತು. ಫಕೀರವ್ವ ಅಲ್ಲಿಗೆ ನಿಲ್ಲಿಸಿದಳು.

"ಮುಂದ?" ಎಂದ ಸಾವುಕಾರ.

"ಕಥಿ ಅಂದ್ರ ಸುಳ್ಳು ಅಂದ್ರೆಲ್ಲಾ. ಹೊಳಿ ಇಲ್ಲ, ಕೂಸೂ ಇಲ್ಲ. ನೀವ ಹೇಳ್ರಿ, ಮುಳುಗಿಸಿಬಿಡ್ಲೇನು?"

"ಬ್ಯಾಡ!" ಸಾವುಕಾರ ಚೀರಿದ.

ಬಾಣಂತಿಯೊಬ್ಬಳನ್ನು ಕೆಲಸದಿಂದ ಓಡಿಸಿದ್ದ ಕೈ, ಹುಟ್ಟೇ ಇಲ್ಲದ ಕೂಸನ್ನು ಹಿಡಿಯಲು ಮುಂದೆ ಚಾಚಿತ್ತು. ತನ್ನ ಬಾಯಿಮಾತಿಗೆ ಇಷ್ಟು ಶಕ್ತಿಯಿದೆಯೆಂದು ಫಕೀರವ್ವನಿಗೇ ಗೊತ್ತಿರಲಿಲ್ಲ.

"ಉಳಿಸೂದು ಗಡಿಬಿಡಿ ಕೆಲಸ ಅಲ್ರೀ. ನಾ ಈಗ ಎದ್ದು ಹೋಗ್ಬೇಕಲ್ಲ?"

"ಕುಂಡ್ರವ್ವಾ," ಎಂದ ಸಾವುಕಾರ, ತಾನೂ ಚೀಲದ ಮೇಲೆ ಕುಸಿದು. "ಮೊದಲ ಕೂಸನ್ನ ಹೊಳಿ ದಂಡಿಗೆ ಹಚ್ಚು."