ಹಾಲಗುಡ್ಡಕ್ಕೆ ಪಂಜ ಹಾಕಿದ ಜಕ್ಕಪ್ಪ

ಒಂದಾನೊಂದು ಕಾಲದಲ್ಲಿ ಅಂದ್ರೆ ಅದು ಯಾವ ಕಾಲ ಅಂತ ಕೇಳಬೇಡ ಕೂಸೆ, ಮನುಷ್ಯನಿಗೂ ಕುರಿಮರಿಗೂ ಹೊದೆಯೋಕೆ ಒಂದೇ ಕಂಬಳಿ ಇದ್ದ ಕಾಲ ಅದು, ಆಗ ಮುದ್ದಟ್ಟಿ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಜಕ್ಕಪ್ಪ ಅಂತ ಒಬ್ಬ ಕುರುಬ ಇದ್ದನಂತೆ. ಅವನ ಬಲಗೈ ಅಂದ್ರೆ ಬಲಗೈ. ಅಂಥ ಕೈ ಸುತ್ತ ಏಳು ಹಟ್ಟಿಯಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟೋದೂ ಇಲ್ಲ, ಅನುಮಾನ ಇದ್ರೆ ಮುದ್ದಟ್ಟಿಯವರನ್ನೇ ಕೇಳು. ಕೊಬ್ಬಿದ ಟಗರು ಎದುರು ಬಂದ್ರೆ ಕೊಂಬಿಗೆ ಕೈ ಹಾಕಿ, ಮಗುವನ್ನ ಮಲಗಿಸಿದ ಹಾಗೆ ಮಗ್ಗುಲಿಗೆ ಮಲಗಿಸಿ, ಉಣ್ಣೆ ಕತ್ತರಿಸಿ ಎಬ್ಬಿಸಿ ಕಳಿಸ್ತಿದ್ದನಂತೆ. ಟಗರಿಗೆ ತಾನು ಬಿದ್ದಿದ್ದೂ ಗೊತ್ತಾಗ್ತಿರಲಿಲ್ಲವಂತೆ.

ಹ್ಞೂಂ ಅನ್ನು, ಇಲ್ಲಾಂದ್ರೆ ಇಲ್ಲಿಗೇ ನಿಲ್ಲಿಸ್ತೀನಿ. ಹ್ಞಾ.

ಮುದ್ದಟ್ಟಿಯ ಮುಂದೆ ಒಂದು ಗುಡ್ಡ, ಹಾಲಗುಡ್ಡ ಅಂತ. ಅದರ ಹುಲ್ಲು ಮೇಯ್ದ ಕುರಿಗೆ ಕೆಚ್ಚಲು ತುಂಬಾ ಹಾಲು. ಗುಡ್ಡದ ಆಚೆ ಮಗ್ಗುಲಲ್ಲಿ ಸೂಲಗೇರಿ ಅನ್ನೋ ಇನ್ನೊಂದು ಕುರುಬರ ಊರು. ಗುಡ್ಡ ಒಂದು, ಊರು ಎರಡು, ಜಗಳ ಬರದೆ ಇರ್ತದಾ. ಅದಕ್ಕೆ ಹಿರೀಕರು ಒಂದು ಕಟ್ಟಳೆ ಮಾಡಿದ್ದರಂತೆ. ವರ್ಷಕ್ಕೊಂದು ಸಲ, ಉಣ್ಣೆ ಕತ್ತರಿಸಿ ಮುಗಿದ ಮಾರನೇ ದಿನ, ಗುಡ್ಡದ ಬುಡದ ಚಪ್ಪಟೆ ಬಂಡೆ ಮೇಲೆ ಎರಡೂ ಊರಿನ ಒಬ್ಬೊಬ್ಬ ಮೊಣಕೈ ಊರಿ, ಹಸ್ತಕ್ಕೆ ಹಸ್ತ ಹಿಡಿದು ಪಂಜ ಹಾಕಬೇಕು. ಯಾರ ಕೈಯ ಬೆನ್ನು ಬಂಡೆಗೆ ತಾಗಿತೋ ಅವನು ಸೋತ. ಗೆದ್ದ ಊರಿನ ಕುರಿ ವರ್ಷವಿಡೀ ಗುಡ್ಡ ಮೇಯೋದು. ಸೋತವರು ಮಂದೆ ಹೊಡ್ಕೊಂಡು ಇಪ್ಪತ್ತು ದಿನದ ದಾರಿ ನಡೆದು, ಹೊಳೆ ದಾಟಿ, ಹುಲ್ಲು ಹುಡುಕ್ಕೊಂಡು ಹೋಗೋದು. ದೊಡ್ಡ ಕುರಿಯೇನೋ ಹೊಳೆ ದಾಟ್ತಾವೆ, ಮರಿಗಳು ದಾಟ್ತಾವಾ ಹೇಳು. ಒಂದೊಂದು ವರ್ಷ ನಲವತ್ತು ಐವತ್ತು ಮರಿ ನೀರು ಪಾಲಾಗ್ತಿದ್ದವಂತೆ. ಆಮೇಲೆ ಇನ್ನೊಂದು ಮಾತು, ಕೈ ಬೀಳೋವರೆಗೂ ಗುಡ್ಡ ಯಾರದ್ದೂ ಅಲ್ಲ, ಎರಡೂ ಊರಿನ ಒಬ್ಬ ಮನುಷ್ಯನೂ ಅದರ ಮೇಲೆ ಕಾಲಿಡೋ ಹಾಗಿಲ್ಲ. ತೀರ್ಪು ಹೇಳೋಕೆ ಈ ಊರೂ ಅಲ್ಲದ ಆ ಊರೂ ಅಲ್ಲದ ಮರಡೆಪ್ಪಜ್ಜ ಅಂತ ಒಬ್ಬ ಮುದುಕ ದೂರದಿಂದ ಬರ್ತಿದ್ದನಂತೆ.

ಜಕ್ಕಪ್ಪ ಮೊದಲು ಮಣಿಸಿದ್ದು ತನ್ನ ಸೋದರಮಾವನ್ನ, ಹಟ್ಟಿ ಅಂಗಳದಲ್ಲಿ. ಆಮೇಲೆ ಸಂತೆಯಲ್ಲಿ ಗಾಣದ ಕಲ್ಲು ಎತ್ತೋ ಒಬ್ಬ ಜಗಜಟ್ಟಿಯನ್ನ. ಮೂರನೇದಾಗಿ ಸೂಲಗೇರಿಯ ಬಾಳಗೊಂಡನ್ನ, ಇದೇ ಬಂಡೆ ಮೇಲೆ. ಮರಡೆಪ್ಪಜ್ಜ ಹ್ಞೂಂ ಶುರು ಮಾಡ್ರಪಾ ಅನ್ನೋಕೆ ಬಾಯಿ ತೆಗೆದಿದ್ದ, ಮುಚ್ಚೋದ್ರೊಳಗೆ ಬಾಳಗೊಂಡನ ಕೈ ಬಂಡೆ ಮೇಲಿತ್ತಂತೆ.

ಮುದ್ದಟ್ಟಿಯವರಿಗೆ ಹಿಗ್ಗೋ ಹಿಗ್ಗು. ಊರ ಹಿರಿಯ ಕೆಂಚಪ್ಪ ಎಲ್ಲರನ್ನೂ ಕೂಡಿಸಿ ಹೇಳಿದನಂತೆ, ಜಕ್ಕಾ, ಇವತ್ತಿಂದ ಈ ಬಲಗೈ ನಿಂದಲ್ಲ, ಊರಿಂದು. ಇದಕ್ಕೆ ಒಂದು ಮುಳ್ಳು ಚುಚ್ಚಿದ್ರೂ ನಮಗೆಲ್ಲ ಚುಚ್ಚಿದ ಹಾಗೆ. ಈ ಕೈ ಟಗರು ಹಿಡಿಯಂಗಿಲ್ಲ, ನೀರು ಸೇದಂಗಿಲ್ಲ, ಕತ್ತರಿ ಮುಟ್ಟಂಗಿಲ್ಲ. ಆಮೇಲೆ ಎಳೇ ಮರಿಯ ಮೆತ್ತನೆ ಉಣ್ಣೆಯಲ್ಲಿ ಅವನ ತೋಳಿಗೆ ಒಂದು ಗವಸು ನೇಯ್ದರಂತೆ, ಮನೆಗೊಂದು ಮುದ್ದೆ ಬೆಣ್ಣೆ ಅಂತ ಸರದಿ ಹಾಕಿದರಂತೆ. ಅರ್ಧ ಬೆಣ್ಣೆ ಹೊಟ್ಟೆಗೆ, ಅರ್ಧ ತೋಳಿಗೆ. ಊರ ಮಕ್ಕಳೆಲ್ಲ ಒಣರೊಟ್ಟಿ ತಿಂದರೂ ಜಕ್ಕಪ್ಪನ ತೋಳು ಮಾತ್ರ ಮಿರಮಿರ ಮಿಂಚ್ತಿತ್ತಂತೆ.

ಎರಡನೇ ವರ್ಷವೂ ಗೆದ್ದ. ಆದರೆ ಈ ಸಲ ಸೂರ್ಯ ಒಂದು ಮಾರು ಮೇಲೆ ಬರೋವರೆಗೂ ಒದ್ದಾಡಿ ಗೆದ್ದ. ಮೂರನೇ ವರ್ಷವೂ ಗೆದ್ದ, ಮಧ್ಯಾಹ್ನ ಆಗಿ ಬಂಡೆ ಕಾದ ಮೇಲೆ, ಹಲ್ಲು ಕಚ್ಚಿ, ಕಣ್ಣು ಕತ್ತಲೆ ಬಂದು. ಜನ ಏನಂದರು ಗೊತ್ತಾ, ನಮ್ಮ ಜಕ್ಕ ಬೇಕಂತ್ಲೇ ಬಾಳಗೊಂಡನ್ನ ಆಟ ಆಡಿಸ್ತಾನೆ, ಬೆಕ್ಕು ಇಲಿ ಆಡಿಸಿದ ಹಾಗೆ ಅಂದರಂತೆ. ಜಕ್ಕಪ್ಪನೂ ಮೀಸೆ ತಿರುವಿ, ಮತ್ತೇನು, ಅಷ್ಟು ದೂರದಿಂದ ಬಂದೋನನ್ನ ಗಳಿಗೆಯಲ್ಲಿ ಕಳಿಸೋಕಾಗ್ತದಾ ಅಂದನಂತೆ. ಆದರೆ ಆಟ ಆಡಿಸಿದ್ದು ತಾನಲ್ಲ ಅಂತ ಅವನೊಬ್ಬನಿಗೇ ಗೊತ್ತಿತ್ತು.

ನಾಲ್ಕನೇ ವರ್ಷ ಉಣ್ಣೆ ಕತ್ತರಿಸೋ ಕಾಲ ಬಂತು. ಪಂಜಕ್ಕೆ ಇನ್ನು ಹದಿನೈದು ದಿನ. ಒಂದು ದಿನ ಯಾರೂ ಇಲ್ಲದಾಗ ಗವಸು ಬಿಚ್ಚಿ, ಬಾವಿಗೆ ಹೋಗಿ ಬಲಗೈಯಲ್ಲಿ ಹಗ್ಗ ಹಿಡಿದು ನೀರು ಸೇದಿದನಂತೆ, ಕೊಡ ಅರ್ಧ ಬಂದಿತ್ತು, ಹಗ್ಗ ಜಾರಿ ಕೊಡ ದುಡುಂ ಅಂತ ನೀರಿಗೆ ಬಿತ್ತಂತೆ. ಹಗ್ಗ ಜಿಡ್ಡಾಗಿತ್ತು ಅಂತ ತನಗೆ ತಾನೇ ಹೇಳ್ಕೊಂಡ. ಮಾರನೇ ದಿನ ಹಟ್ಟಿಯಲ್ಲಿ ಒಂದು ಹಲ್ಲುದುರಿದ ಮುದಿ ಕುರಿಯ ಕೊರಳಿಗೆ ಕೈ ಹಾಕಿದ, ಆ ಕುರಿ ಅವನನ್ನ ಹುಲ್ಲಿನ ಕಂತೆ ಎಳೆದ ಹಾಗೆ ಎಳ್ಕೊಂಡು ಹೋಯ್ತಂತೆ. ಕಾಲು ಜಾರಿತು ಅಂದ್ಕೊಂಡ. ಮೂರನೇ ದಿನ ಮಟಮಟ ಮಧ್ಯಾಹ್ನ ಕದ ಹಾಕಿ, ರೊಟ್ಟಿ ಬಡೀತಿದ್ದ ಹೆಂಡತಿ ನೀಲವ್ವನ ಮುಂದೆ ಕೂತು, ಏನೇ, ಒಂದ್ಸಲ ಪಂಜ ಹಾಕು ಅಂದನಂತೆ.

ನಿಮಗೇನು ತಲೆ ಕೆಟ್ಟೈತಾ, ಹಿಟ್ಟಿನ ಕೈ ಅಂದಳು ನೀಲವ್ವ.

ಹಾಕು ಅಂದ್ರೆ ಹಾಕು.

ಗಂಡ ತಮಾಷೆಗೆ ಅಂತಾನೆ ಅಂದ್ಕೊಂಡು ಅವಳು ಹಿಟ್ಟಿನ ಕೈಯಲ್ಲೇ ಅವನ ಕೈ ಹಿಡಿದು ಒತ್ತಿದಳಂತೆ, ಒತ್ತಿದ್ದೇ ತಡ ಅವನ ಕೈ ಹಿಟ್ಟು ನಾದೋ ಕೊಣಮಿಗೆಯ ಅಂಚಿಗೆ ಟಪ್ ಅಂತ ಬಡೀತಂತೆ. ನೀಲವ್ವ ನಕ್ಕಳು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು. ಬೇಕಂತ ಬಿಟ್ರಿ ಹೌದಿಲ್ಲೋ ಅಂದಳು. ಜಕ್ಕಪ್ಪ ತೋಳನ್ನ ಅವಳ ಮುಂದೆ ಚಾಚಿದ. ಅವಳು ಅವನ ತೋಳನ್ನ ಮುಟ್ಟಿ ಮುಟ್ಟಿ ನೋಡಿದಳು, ನೋಡೋಕೆ ಬಾಳೆದಿಂಡು, ಒಳಗೆ ಬರೀ ಬೆಣ್ಣೆ. ಮೂರು ವರ್ಷ ದುಡಿಯದ ಕೈ ಕೂಸೆ, ಇನ್ನೇನಾಗ್ತದೆ.

ನೀಲವ್ವ ಮೆಲ್ಲಗೆ ಹೇಳಿದಳಂತೆ, ಈಗಲೇ ಹೋಗಿ ಕೆಂಚಪ್ಪಣ್ಣಗ ಹೇಳ್ರಿ, ಬೇರೆ ಯಾರನ್ನಾದ್ರೂ ಕೂಡಿಸಲಿ. ಬೇರೆ ಯಾರಿದಾರೆ, ಊರವರೆಲ್ಲ ನನ್ನ ನಂಬ್ಕೊಂಡು ತಮ್ಮ ತೋಳು ಮರೆತಾರೆ ಅಂದ ಅವನು. ಆದ್ರೂ ಹೇಳ್ರಿ, ಹೊಳೆ ದಾಟೋದು ನಮ್ಮ ಮರಿಗಳು ಅಂದಳು.

ಹೋದ. ಕೆಂಚಪ್ಪನ ಮನೆ ಹೊಸ್ತಿಲಲ್ಲಿ ಅವನ ಪುಟ್ಟ ಮೊಮ್ಮಗಳು ಬೆಣ್ಣೆ ತೆಗೆದು ಬರಿದಾದ ಗಡಿಗೆಯೊಳಗೆ ಬೆರಳಾಡಿಸಿ ನೆಕ್ಕುತ್ತಾ ಕೂತಿದ್ದಳಂತೆ. ಅದನ್ನ ನೋಡಿ ಜಕ್ಕಪ್ಪ ತನ್ನ ತೋಳನ್ನ ಕಂಬಳಿಯೊಳಗೆ ಮುಚ್ಕೊಂಡ. ಕೆಂಚಪ್ಪ ಹೊರಗೆ ಬಂದು, ಏನಪಾ ನಮ್ಮೂರ ತೋಳು, ಹೆಂಗಿದ್ದೀ ಅಂದ. ಇವನ ಬಾಯಿಂದ ನಿಜ ಬರಬೇಕಿತ್ತು, ಬಂದದ್ದು ಬಡಾಯಿ. ಹೆಂಗಿರೋದು ಕೆಂಚಪ್ಪಣ್ಣ, ಈ ಸಲ ಬಾಳಗೊಂಡಗ ಎರಡೂ ಕೈ ತರೋಕ್ಹೇಳು, ಒಂದು ಸಾಕಾಗಲ್ಲ ಅಂದುಬಿಟ್ಟನಂತೆ. ಕೆಂಚಪ್ಪ ಬಿದ್ದು ಬಿದ್ದು ನಕ್ಕು ಆ ಮಾತನ್ನ ಊರಿಗೆಲ್ಲ ಹಂಚಿದ. ಅವತ್ತಿಂದ ಜಕ್ಕಪ್ಪನಿಗೆ ಕೂತರೆ ಕೂರೋಕಾಗದು, ಬೆಣ್ಣೆ ಗಂಟಲಲ್ಲಿ ಇಳೀದು. ದಿನಾ ಹೊಳೆ ಕಡೆ ನೋಡೋದು, ಊರ ಮರಿಗಳನ್ನ ಎಣಿಸೋದು. ನೂರಾ ಹನ್ನೆರಡು ಮರಿ. ಎಷ್ಟು ಸಲ ಎಣಿಸಿದರೂ ನೂರಾ ಹನ್ನೆರಡು.

ನಿದ್ದೆ ಬಂತಾ ಕೂಸೆ? ಇಲ್ಲಾ? ಸರಿ ಕೇಳು.

ಪಂಜದ ದಿನ ಬಂತು. ಹೊತ್ತು ಹುಟ್ಟೋ ಮೊದಲೇ ಎರಡೂ ಊರಿನವರು ಮಂದೆ ಸಮೇತ ಬಂದು, ಈ ಕಡೆ ಇವರು ಆ ಕಡೆ ಅವರು ನಿಂತರಂತೆ. ಎರಡು ಕೈ ತಂದೀಯೇನೋ ಬಾಳಗೊಂಡ ಅಂತ ಮುದ್ದಟ್ಟಿಯವರು ಕೂಗಿದ್ರೆ, ನಿಮ್ಮ ಬೆಣ್ಣೆಗಡಿಗೆಗೆ ಒಂದೇ ಸಾಕು ಅಂತ ಸೂಲಗೇರಿಯವರು ಕೂಗಿದರು. ಬಾಳಗೊಂಡ ಬಂದು ಕೂತ. ಅವನ ತೋಳೂ ಮಿಂಚ್ತಿತ್ತು, ಮೊದಲಿನ ಎರಡರಷ್ಟಾಗಿತ್ತು. ಇಬ್ಬರೂ ಮೊಣಕೈ ಊರಿದರು, ಹಸ್ತಕ್ಕೆ ಹಸ್ತ ಸೇರಿಸಿದರು, ಮರಡೆಪ್ಪಜ್ಜ ಹ್ಞೂಂ ಅಂದ.

ಜಕ್ಕಪ್ಪ ಕಣ್ಣು ಮುಚ್ಚಿದ. ಈಗ ಬಿತ್ತು ಈಗ ಬಿತ್ತು ಅಂತ ಕಾದ. ಕೈ ಬೀಳಲಿಲ್ಲ. ಕಣ್ಣು ಬಿಟ್ಟು ನೋಡಿದ್ರೆ ಎದುರಿಗೆ ಬಾಳಗೊಂಡನೂ ಕಣ್ಣು ಮುಚ್ಕೊಂಡು ಕೂತಿದ್ದನಂತೆ. ಜನ ಉಸಿರು ಬಿಗಿಹಿಡಿದು, ಅಬ್ಬಾ ಏನು ಬಲ, ಬಂಡೆಗೆ ಬಂಡೆ ಕೊಟ್ಟ ಹಾಗೈತಿ ಅಂತಿದ್ರು. ಬಿಸಿಲೇರಿತು. ಕೊನೆಗೆ ಜಕ್ಕಪ್ಪ ತಡೀಲಾರದೆ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದನಂತೆ, ಬಾಳಣ್ಣ, ಒತ್ತೋದಿದ್ರೆ ಒತ್ತಿಬಿಡು, ಯಾಕ ಜೀವ ತಿಂತೀ.

ನಾನೇ ಕೇಳಬೇಕಂತಿದ್ದೆ, ನೀನ್ಯಾಕ ಆಟ ಆಡಿಸ್ತೀ ಅಂದ ಬಾಳಗೊಂಡ.

ನನ್ನ ಕೈಯಾಗ ಏನೂ ಇಲ್ಲ ಮಾರಾಯ.

ಬಾಳಗೊಂಡನೂ ಪಿಸುಗುಟ್ಟಿದನಂತೆ, ನೀವು ಬೆಣ್ಣೆ ಹಚ್ಚಿ ಗೆಲ್ತೀರಿ ಅಂತ ಸುದ್ದಿ ಬಂತಲ್ಲ, ನಮ್ಮೂರವರು ತುಪ್ಪ ಶುರು ಮಾಡಿದರು. ಎರಡು ವರ್ಷ ಆಯ್ತು, ಒಂದು ಕಡ್ಡಿ ಎತ್ತೋಕೆ ಬಿಟ್ಟಿಲ್ಲ. ಹೋದ ವರ್ಷ ಹೊಳೆಯಾಗ ನಲವತ್ತಾರು ಮರಿ ಹೋದವು ಜಕ್ಕಣ್ಣ, ಅದರಾಗ ಆರು ನನ್ನವು. ಈ ಸಲವೂ ಸೋತ್ರೆ ಯಾವ ಮುಖ ಹೊತ್ತು ಊರಿಗೆ ಹೋಗಲಿ.

ಇಬ್ಬರ ಕೈಯೂ ಒಂದಕ್ಕೊಂದು ಆತುಕೊಂಡಿದ್ದಕ್ಕೇ ನಿಂತಿತ್ತು ಅಷ್ಟೇ, ಒಬ್ಬ ಸಡಿಲ ಬಿಟ್ರೂ ಒಂದು ಊರಿನ ಮರಿ ಹೊಳೆಗೆ.

ಅಷ್ಟರಲ್ಲಿ ಏನಾಯ್ತು ಅಂದ್ರೆ, ಜನವೆಲ್ಲ ಮಂದೆಗೆ ಬೆನ್ನು ಹಾಕಿ ಪಂಜ ನೋಡ್ತಾ ನಿಂತಿದ್ದರಲ್ಲ, ಬೆಳಗಿಂದ ಹಸಿದಿದ್ದ ಕುರಿಗಳು ಈ ಕಡೆಯಿಂದ ಇವು ಆ ಕಡೆಯಿಂದ ಅವು ಮೆಲ್ಲಗೆ ಗುಡ್ಡ ಹತ್ತಿಬಿಟ್ಟವಂತೆ. ಯಾರೋ ತಿರುಗಿ ನೋಡಿದ್ರೆ ಗುಡ್ಡದ ತುಂಬಾ ಕುರಿ, ಕರಿದು ಬಿಳಿದು ಎಲ್ಲ ಕಲಸಿಹೋಗೈತಿ. ಕೋಲು ಹಿಡ್ಕೊಂಡು ಓಡೋಕೆ ಹೊರಟವರನ್ನ ಮರಡೆಪ್ಪಜ್ಜ ತಡೆದು, ನಿಲ್ರೋ, ಕೈ ಇನ್ನೂ ಬಿದ್ದಿಲ್ಲ, ಮನುಷ್ಯರು ಕಾಲಿಡಂಗಿಲ್ಲ ಅಂದನಂತೆ. ಮತ್ತೆ ನಮ್ಮ ಕುರಿ ಕಾಯೋರ್ಯಾರು ಅಂತ ಕೆಂಚಪ್ಪ ಕೇಳಿದ್ದಕ್ಕೆ, ನಾಯಿಗಳು ಹೋಗ್ಯಾವಲ್ಲ, ನಾಯಿಗೆ ಕಟ್ಟಳೆ ಇಲ್ಲ ಅಂದ ಮುದುಕ.

ಆ ಮಾತು ಬಂಡೆ ಹತ್ತಿರ ಕೂತ ಇಬ್ಬರ ಕಿವಿಗೂ ಬಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕೈ ನಿಂತಿರೋವರೆಗೂ ಎರಡೂ ಊರಿನ ಮರಿ ಮೇಯ್ತಾವೆ. ಬಾಳಣ್ಣ, ಬೀಳಿಸಬೇಡ ಅಂದ ಜಕ್ಕಪ್ಪ. ನೀನೂ ಗಟ್ಟಿ ಹಿಡಿ ಅಂದ ಬಾಳಗೊಂಡ.

ಮೊದಲು ಕೈ ಸುಮ್ಮನೆ ನಿಂತಿತ್ತು, ಈಗ ನಿಲ್ಲಿಸಬೇಕಾಯ್ತು, ಅದೇ ಕಷ್ಟ. ಬೆರಳು ಮರಗಟ್ಟಿದವು, ಮೊಣಕೈ ಚರ್ಮ ಸುಲಿದು ರಕ್ತ ಬಂತು, ಬೆಣ್ಣೆ ತುಪ್ಪದ ಜಿಡ್ಡಿಗೆ ಹಸ್ತ ಜಾರ್ತಿತ್ತು. ಮರಡೆಪ್ಪಜ್ಜ ನೀರು ಕುಡಿಸೋ ನೆಪದಲ್ಲಿ ಬಗ್ಗಿ ಆ ಎರಡು ಕೈಗಳನ್ನ ಹತ್ತಿರದಿಂದ ನೋಡಿದ. ಅಂಗೈಗೆ ಒಂದಿಷ್ಟು ಮಣ್ಣು ಹಚ್ಚಿ, ಹಿಡ್ಕೊಳ್ರಪಾ ಅಂತ ಬೆನ್ನು ತಟ್ಟಿ ಹೋದನಂತೆ. ಹೊತ್ತು ಮುಳುಗಿತು, ತೀರ್ಪಿಲ್ಲ, ಕೈ ಬಿಡ್ರಿ, ನಾಳೆ ಮತ್ತೆ ಅಂದ ಮುದುಕ. ಎರಡನೇ ದಿನವೂ ಹಾಗೇ ಆಯ್ತು. ಕಾದು ಕಾದು ಸಾಕಾಗಿ ಎರಡೂ ಊರಿನ ಹೆಂಗಸರು ಒಂದೇ ಒಲೆ ಹೂಡಿ ರೊಟ್ಟಿ ಬಡಿದರಂತೆ. ಮೂರನೇ ದಿನ ಗಂಡಸರು ಪಂಜ ನೋಡೋದು ಬಿಟ್ಟು ಕಂಬಳಿ ಹಾಸ್ಕೊಂಡು ಎಲೆಅಡಿಕೆ ಹಾಕ್ತಾ ಕೂತಿದ್ದರು. ಜಕ್ಕಪ್ಪನಿಗೆ ಅವತ್ತು ಮಧ್ಯಾಹ್ನ ಕೈ ಇದೆಯೋ ಇಲ್ಲವೋ ಅನ್ನೋದೇ ತಿಳೀತಿರಲಿಲ್ಲ, ಬಾಳಗೊಂಡನ ಕಣ್ಣಲ್ಲಿ ನೀರು ಸುರೀತಿತ್ತು. ಅಣ್ಣಾ, ಇನ್ನಾಗಲ್ಲ ಅಂದ. ಆಗ್ತದೆ, ನಿಮ್ಮೂರ ಮರಿ ಎಷ್ಟು, ಎಣಿಸು ಅಂದ ಜಕ್ಕಪ್ಪ. ಎಣಿಸಿದ. ತೊಂಬತ್ತೆಂಟು. ಮತ್ತೆ ಎಣಿಸು ಅಂದ.

ಮರಡೆಪ್ಪಜ್ಜ ಎರಡೂ ಊರಿನವನಲ್ಲವಲ್ಲ, ಅವನು ಕೋಲೂರಿಕೊಂಡು ಗುಡ್ಡ ಹತ್ತಿ, ಸುತ್ತಾಡಿ ಇಳಿದು ಬಂದ. ಕೈಯಲ್ಲಿ ಒಂದು ಹಿಡಿ ಹಸಿರು ಹುಲ್ಲು. ಹೇಳಿದನಂತೆ, ನಿಮ್ಮ ಅಜ್ಜಂದಿರು ಗುಡ್ಡ ಒಂದೂರಿಗೇ ಸಾಕು ಅಂದ್ಕೊಂಡ್ರು, ಯಾರೂ ಎರಡು ಮಂದೆ ಬಿಟ್ಟು ನೋಡಲಿಲ್ಲ. ಎರಡು ಮಂದೆ ಮೂರು ದಿನ ಮೇಯ್ದ್ರೂ ಪಡುವಣ ಇಳಿಜಾರಿಗೆ ಒಂದು ಕುರಿಯೂ ಬಾಯಿ ಹಾಕಿಲ್ಲ. ಮೂಡಣ ಮಗ್ಗುಲಲ್ಲಿ ಮುದ್ದಟ್ಟಿ ಕುರಿಗೆ ಸೂಲಗೇರಿ ಮರಿ ಬಾಯಿ ಹಚ್ಚೈತಿ, ಹೋಗಿ ಬಿಡಿಸೋರಿದ್ರೆ ಬಿಡಿಸ್ರಿ.

ಯಾರೂ ಏಳಲಿಲ್ಲ. ಕೆಂಚಪ್ಪ ಒಬ್ಬ ಮೆಲ್ಲಗೆ, ಮತ್ತೆ ನಮ್ಮ ತೋಳಿನ ಮರ್ಯಾದೆ ಅಂದನಂತೆ. ಬೀಳದ ಕೈಗೆ ಎಂಥ ಅವಮರ್ಯಾದೆ ಕೆಂಚಪ್ಪ, ಮೂರು ದಿನ ಸೋಲದ ಕೈ ಯಾವೂರಾಗೈತಿ ಅಂದ ಮರಡೆಪ್ಪಜ್ಜ. ಅದಕ್ಕೆ ಎರಡೂ ಊರಿನವರ ಎದೆ ಒಂದೊಂದು ಗೇಣು ಉಬ್ಬಿತಂತೆ. ಆಮೇಲೆ ಮುದುಕ ಬಂದು ಆ ಎರಡು ಕೈಗಳನ್ನ ತಾನೇ ಬೆರಳು ಬೆರಳು ಬಿಡಿಸಿ, ಎರಡನ್ನೂ ಒಟ್ಟಿಗೆ ಮೇಲಕ್ಕೆತ್ತಿದನಂತೆ. ಅವತ್ತಿಂದ ಹಾಲಗುಡ್ಡ ಎರಡೂ ಊರಿಗೆ, ಆರು ತಿಂಗಳು ಮೂಡಣ ಇಳಿಜಾರು, ಆರು ತಿಂಗಳು ಪಡುವಣ.

ಮಾರನೇ ದಿನ ಜಕ್ಕಪ್ಪ ಉಣ್ಣೆ ಗವಸನ್ನ ಕೆಂಚಪ್ಪನ ಮೊಮ್ಮಗಳ ಕಾಲಿಗೆ ಹಾಕಿ, ಊರ ಮುಂದೆ ಬಾವಿಯ ಹಗ್ಗ ಹಿಡಿದು ನೀರು ಸೇದೋಕೆ ನಿಂತನಂತೆ. ಏಯ್ ಕೈ ಕೈ ಅಂತ ಜನ ಓಡಿ ಬಂದರು. ಇದು ನನ್ನ ಕೈ ಕಣ್ರಪಾ, ಬೆಣ್ಣೆ ನಿಮ್ಮ ಮಕ್ಕಳಿಗೆ ಕೊಡ್ರಿ ಅಂದ. ಅವತ್ತು ಸಂಜೆಯೊಳಗೆ ಅವನ ಅಂಗೈಯಲ್ಲಿ ಐದು ಬೊಬ್ಬೆ ಎದ್ದಿದ್ದವಂತೆ.

ಹಾಗಂತ ಜಂಭ ಹೋಯ್ತು ಅಂದ್ಕೋಬೇಡ. ಇನ್ನೊಂದು ಗಳಿಗೆ ನಡೆದಿದ್ರೆ ನಮ್ಮ ಬಾಳಗೊಂಡ ಗೆಲ್ತಿದ್ದ ಅಂತ ಸೂಲಗೇರಿಯವರು ಇವತ್ತಿಗೂ ಹೇಳ್ತಾರಂತೆ. ಜಕ್ಕಪ್ಪ ಮುದುಕನಾದ ಮೇಲೆ ಮೊಮ್ಮಕ್ಕಳು, ಅಜ್ಜಾ, ನಿಜ ಹೇಳು, ಗೆಲ್ತಿದ್ಯಾ ಅಂತ ಕೇಳಿದ್ರೆ, ಗೆಲ್ಲದೆ ಏನು ಅಂತ ಮೀಸೆಗೆ ಕೈ ಹಾಕ್ತಿದ್ದನಂತೆ, ಅಡುಗೆಮನೆಯಲ್ಲಿ ನೀಲವ್ವಜ್ಜಿಗೆ ಅದೇ ಹೊತ್ತಿಗೆ ಕೆಮ್ಮು ಬರ್ತಿತ್ತಂತೆ. ನಾವು ಮುದ್ದಟ್ಟಿ ಕಡೆಯವರು ಕೂಸೆ, ಯಾರಾದ್ರೂ ಕೇಳಿದ್ರೆ ಗೆಲ್ತಿದ್ದ ಅಂತಲೇ ಹೇಳು. ಅಲ್ಲಿಗೆ ಕುರಿ ಹಟ್ಟಿಗೆ ಬಂದವು, ಜಕ್ಕಪ್ಪನ ಕತೆ ಮುಗೀತು, ಇನ್ನು ಮಗ್ಗುಲಾಗು.