ಇಲ್ಲ ಎನ್ನಲು ಬಾರದ ಸೀಸೆ

"ಗುರುಗಳೇ, ನಾನು ಮಾಡಿದ ಪರೀಕ್ಷೆಯನ್ನು ನೀವು ಇಂದಿಗೂ ಇನ್ನೊಬ್ಬರ ಕೈಯಲ್ಲಿ ಮತ್ತೆ ಮಾಡಿಸುತ್ತೀರಿ. ನನ್ನ ಮೇಲೆ ಯಾಕೆ ಈ ಅನುಮಾನ?" ಎಂದು ಪ್ರಯೋಗಾಲಯದ ಶಿಷ್ಯನೊಬ್ಬ ಕೇಳಿದ.

ಗುರು ಕೈಗವಸು ಕಳಚಿಟ್ಟು ಹೇಳಿದರು:

ಒಬ್ಬ ಸಂಶೋಧಕಿ ಇದ್ದಳು. ಮನುಷ್ಯರ ರಕ್ತದಲ್ಲಿ ಕೊಬ್ಬನ್ನು ಹೊತ್ತು ಸಾಗಿಸುವ ಒಂದು ಪ್ರೋಟೀನು ಅವಳ ವಿಷಯ. ಅದನ್ನು ಪತ್ತೆ ಮಾಡಲು ಅವಳ ಬಳಿ ಒಂದು ಸೀಸೆ ಪ್ರತಿಕಾಯವಿತ್ತು, ಮೊಲದ ರಕ್ತದಿಂದ ತೆಗೆದದ್ದು. ಪ್ರೋಟೀನು ಇದ್ದಲ್ಲಿ ಪ್ರತಿಕಾಯ ಹೋಗಿ ಅಂಟಿಕೊಳ್ಳಬೇಕು, ಹಾಳೆಯ ಮೇಲೆ ಕಪ್ಪು ಗೆರೆ ಮೂಡಬೇಕು. ಯಾರ ರಕ್ತ ಹಾಕಿದರೂ ಗೆರೆ ಮೂಡುತ್ತಿತ್ತು. ಅವಳಿಗೆ ಹೆಮ್ಮೆಯೋ ಹೆಮ್ಮೆ.

ಅವಳು ಮಹಾ ಅನುಮಾನದ ಪ್ರಾಣಿ. ನೀರನ್ನು ನಂಬಳು, ಉಪ್ಪನ್ನು ನಂಬಳು. ಪಕ್ಕದ ಮೇಜಿನವರು ಮುಟ್ಟಿದರೆ ತಿಳಿಯಲೆಂದು ದ್ರವ ಅಳೆಯುವ ತನ್ನ ಪಿಪೆಟ್‌ಗೆ ದಾರ ಕಟ್ಟಿಟ್ಟಿದ್ದಳು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಎಲ್ಲರಿಗೂ ಗಾದೆ ಹೇಳುತ್ತಿದ್ದಳು. ಆ ಸೀಸೆಯೊಂದನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದಳು.

ಒಮ್ಮೆ ಒಬ್ಬ ತಾಯಿ ಸೊರಗಿದ ಮಗುವನ್ನು ಆಸ್ಪತ್ರೆಗೆ ತಂದಳು. ತಿಂದದ್ದು ಮಗುವಿನ ಮೈಗೆ ಹತ್ತುತ್ತಿರಲಿಲ್ಲ. ಈ ಪ್ರೋಟೀನು ಇಲ್ಲವೆಂದಾದರೆ ಊಟ, ಔಷಧಿ ಕೂಡಲೇ ಬದಲಾಗಬೇಕು. ತಡವಾದರೆ ಕಣ್ಣು ಹೋಗುತ್ತದೆ. ಸೀಸೆಯ ಮೇಲೆ 'ಸಂಶೋಧನೆಗೆ ಮಾತ್ರ' ಎಂದು ಬರೆದಿತ್ತು. ಆದರೂ ವೈದ್ಯರು ಕೇಳಿದರು, ಅವಳು ಪರೀಕ್ಷಿಸಿಕೊಟ್ಟಳು. ಗೆರೆ ಮೂಡಿತು.

ಪ್ರೋಟೀನು ಇದೆ, ಮಗು ಸೊರಗುತ್ತಿದೆ. ಹಾಗಾದರೆ ತಪ್ಪು ಯಾರದ್ದು? ಅನುಮಾನವೆಲ್ಲ ತಾಯಿಯ ಮೇಲೆ ತಿರುಗಿತು. ಹೊಟ್ಟೆಗೆ ಸರಿಯಾಗಿ ಹಾಕುವುದಿಲ್ಲವೇನೋ ಎಂದರು ಆಸ್ಪತ್ರೆಯವರು. ಜನ ಕಳಿಸಿ ಅವಳ ಅಡುಗೆಮನೆಯ ಡಬ್ಬಿಗಳನ್ನು ತೆರೆದು ನೋಡಿಸಿದರು. ಎಂಟು ತಿಂಗಳು ಹೀಗೇ ಕಳೆಯಿತು. ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಕೊನೆಗೆ ತಾಯಿ ಸಂಶೋಧಕಿಯ ಬಳಿಗೇ ಬಂದಳು. "ಅಮ್ಮಾ, ನನ್ನನ್ನ ಇಷ್ಟೆಲ್ಲ ತಪಾಸಣೆ ಮಾಡಿದ್ರಿ. ಆ ಸೀಸೇನ ಯಾರಾದ್ರೂ ಮಾಡಿದ್ರಾ?"

"ಅದು ಯಾವತ್ತೂ ಕೈ ಕೊಟ್ಟಿಲ್ಲ ಕಣಮ್ಮ. ಯಾರ ರಕ್ತ ಹಾಕಿದ್ರೂ ಗೆರೆ ಬರುತ್ತೆ."

"ಅದಕ್ಕೇ ಕೇಳಿದ್ದು," ಎಂದಳು ತಾಯಿ. "ಯಾರದ್ದು ಹಾಕಿದ್ರೂ ಬರುತ್ತಲ್ಲ!"

ಸಂಶೋಧಕಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಹೋಗಿ ಫ್ರೀಜರ್ ತೆರೆದಳು. ಆ ಪ್ರೋಟೀನನ್ನು ಮಾಡುವ ಜೀನನ್ನೇ ಕತ್ತರಿಸಿ ತೆಗೆದ ಜೀವಕೋಶಗಳು ಅಲ್ಲಿ ಎರಡು ವರ್ಷದಿಂದ ಇದ್ದವು. ಇಲ್ಲದ ಕಡೆ ಹುಡುಕಿ ಏನು ಪ್ರಯೋಜನವೆಂದು ಅವಳು ಮುಟ್ಟಿರಲಿಲ್ಲ. ಅಂದು ಪರೀಕ್ಷೆಗೆ ಹಾಕಿದಳು. ಗೆರೆ ಮೂಡಿತು. ಅದೇ ಜಾಗದಲ್ಲಿ, ಅಷ್ಟೇ ಕಪ್ಪಾಗಿ. ಸೀಸೆ ಅಷ್ಟು ದಿನವೂ ಕೋಲೆ ಬಸವನ ಹಾಗೆ ತಲೆಯಾಡಿಸುತ್ತಿತ್ತು.

ಮಗುವಿಗೆ ಬೇರೆ ಬಗೆಯ ಪರೀಕ್ಷೆ ಮಾಡಿಸಿದರು. ಪ್ರೋಟೀನು ಇರಲೇ ಇಲ್ಲ. ಊಟ, ಔಷಧಿ ಬದಲಾದವು, ಮಗು ಬದುಕಿತು. ಕಣ್ಣು ಆಗಲೇ ಅರ್ಧ ಹೋಗಿತ್ತು.

ಗುರು ಕತೆ ನಿಲ್ಲಿಸಿದರು. ಶಿಷ್ಯ ತಲೆದೂಗಿದ. "ನಿಜ ಗುರುಗಳೇ. ನೀವು ಹೇಳಿದ್ದು ಸರಿ."

ಗುರು ಅವನನ್ನೇ ನೋಡಿದರು. "ಏಳು ವರ್ಷದಿಂದ ನಾನು ಏನು ಹೇಳಿದರೂ ನೀನು ಕೊಡುವ ಉತ್ತರ ಇದೊಂದೇ."